ಬಿಟ್ಟು ಓದಿದ ಹೆಸರು

ನನ್ನ ಅಪ್ಪನಿಗೆ ಅರವತ್ತಮೂರು ವರ್ಷ ತುಂಬಿದರೂ ತನ್ನನ್ನು ಹೆತ್ತವಳ ಹೆಸರು ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಾದದ್ದೂ ನನ್ನ ಮೂವತ್ತೈದನೆಯ ವಯಸ್ಸಿನಲ್ಲಿ. ನಮ್ಮದೇನು ಮೂಗರ ಮನೆಯಲ್ಲ. ಹೇರೋಹಳ್ಳಿಯಲ್ಲಿ ನಮ್ಮ ಜಗಲಿಯ ಮಾತು ಕೆರೆ ಏರಿಯ ತನಕ ಕೇಳುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಅಂಥ ಮನೆಯಲ್ಲಿ ಒಂದು ಹೆಸರನ್ನು ಅರವತ್ತು ವರ್ಷ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅದು ಹೊರಬಿದ್ದದ್ದು ಐವತ್ತಾರನೇ ಇಸವಿಯ ಮಹಾಲಯ ಅಮಾವಾಸ್ಯೆಯ ದಿನ. ಆಗ ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ನಮ್ಮವರಿಗೆ ಕಾರ್ಖಾನೆಯಲ್ಲಿ ಕೆಲಸ. ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಮನೆ, ಎದುರಿಗೆ ಅಗಲವಾದ ರಸ್ತೆ, ರಸ್ತೆಯ ತುಂಬ ಧೂಳು. ಹಬ್ಬ ಬಂದರೆ ಮಾಗಡಿ ರಸ್ತೆ ಹಿಡಿದು ತವರಿಗೆ ಹೋಗುತ್ತಿದ್ದೆ. ಅಲ್ಲಿ ಅಪ್ಪ ಕೆಂಚಪ್ಪ, ನನ್ನ ತಮ್ಮ ಮುನಿರಾಜು, ಅವನ ಹೆಂಡತಿ ಶಿವಗಂಗಮ್ಮ, ಅವರ ಮೂರು ಮಕ್ಕಳು. ಅಮ್ಮ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು.

ಹಿರಿಯರಿಗೆ ಎಡೆ ಇಡುವಾಗ ತೀರಿಕೊಂಡವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕುತ್ತೇವೆ. ಮನೆಯ ಯಜಮಾನ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡರೆ ಒಳಗೆ ಅವರು ಉಣ್ಣುತ್ತಾರೆ. ಅಪ್ಪ ಅವತ್ತು ತಾತನನ್ನು ಕರೆದ, ತನ್ನನ್ನು ಸಾಕಿದ ಚಿಕ್ಕವ್ವ ನಿಂಗಮ್ಮನನ್ನು ಕರೆದ, ನಮ್ಮಮ್ಮನನ್ನು ಕರೆದ. ಕೈಯಲ್ಲಿ ಇನ್ನೊಂದು ಎಲೆ ಇತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೇನು ಹಾಸುತ್ತಾನೆ ಎನ್ನುವಷ್ಟರಲ್ಲಿ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಹಿತ್ತಿಲಿಗೆ ಹೋದವನ ಹಿಂದೆ ಹೋಗಿ ಕೇಳಿದೆ. ಕಲ್ಲಿನ ಮೇಲೆ ಕೂತು ಉಬ್ಬಸಪಡುತ್ತಿದ್ದ.

"ಹೆಸರು ಗೊತ್ತಿದ್ರೆ ಹೆತ್ತವ್ಳಿಗೂ ಒಂದು ಎಲೆ ಹಾಕ್ತಿದ್ದೆ ಕಣವ್ವಾ" ಎಂದ. "ಹೆಸರಿಲ್ದೆ ಯಾರನ್ನ ಅಂತ ಕರೀಲಿ?"

ಪ್ರತಿ ವರ್ಷ ಒಂದು ಎಲೆ ಹೆಚ್ಚಿಗೆ ಕೊಯ್ದು, ಒರೆಸಿ, ಸುತ್ತಿಡುತ್ತಿದ್ದನಂತೆ. ನನಗೆ ಮೊದಲು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ಅಳು ಬಂತು. ಡಾಕ್ಟರು ಅಪ್ಪನ ಎದೆ ನೋಡಿ, ಮುಂದಿನ ಮಹಾಲಯ ಕಂಡರೆ ಪುಣ್ಯ ಎಂದು ಮುನಿರಾಜುವಿಗೆ ಹೇಳಿದ್ದರು. ಅಪ್ಪನಿಗೆ ಆಸ್ತಿಯ ಆಸೆಯಿಲ್ಲ, ಕಾಶಿಯ ಆಸೆಯಿಲ್ಲ. ಅವನಿಗೆ ಬೇಕಾದದ್ದು ಒಂದು ಹೆಸರು. ಊರ ಮಕ್ಕಳಿಗೆಲ್ಲ ಹೆಸರು ಬರೆಯಲು ಕಲಿಸುವ ಮಗಳು ಇದನ್ನೂ ಹುಡುಕಿಕೊಡದಿದ್ದರೆ ನಾನು ಓದಿದ್ದಾದರೂ ಏಕೆ?

ನಮ್ಮ ಮನೆಯಲ್ಲಿ ಆಡುತ್ತಿದ್ದ ಕತೆ ಎರಡೇ ಮಾತಿನದು. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ತಾತನ ಮೊದಲನೆಯ ಹೆಂಡತಿ ಯಾವನ ಜೊತೆಗೋ ಓಡಿಹೋದಳು. ಅಪ್ಪನಿಗೆ ಆಗ ಐದು ವರ್ಷ. ನನ್ನ ಮುತ್ತಾತ ದೊಡ್ಡಕೆಂಚಪ್ಪ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಗೆಂದು ಹೇಳಿದನಂತೆ. ಅಪ್ಪ ನಂಬಿದ. ಐದು ವರ್ಷದ ಮಗುವಿಗೆ ತಾಯಿಯ ಹೆಸರು ಅವ್ವ, ಅಷ್ಟೆ. ದೊಡ್ಡವನಾದ ಮೇಲೆ ಕೇಳಲು ನಾಚಿಕೆ, ಹಟ. ಊರ ಬಾಯಿ ಮಾತ್ರ ಸುಮ್ಮನಿರಲಿಲ್ಲ. ನಾನು ಟ್ರೈನಿಂಗ್ ಶಾಲೆಗೆ ಸೇರಿದಾಗ ಅಪ್ಪನ ದಾಯಾದಿ ಅಕ್ಕ ಹನುಮಕ್ಕ, ಓಡಿಹೋದವಳ ಮೊಮ್ಮಗಳು ಮನೆಯಲ್ಲಿ ನಿಲ್ಲುತ್ತಾಳೆಯೇ ಎಂದು ಬಾವಿಕಟ್ಟೆಯಲ್ಲಿ ನಿಂತು ಅಂದಿದ್ದಳು. ಅವತ್ತು ನಾನು ಅವಳ ಕೊಡ ಒದ್ದು ಉರುಳಿಸಿ ಬಂದಿದ್ದೆ.

ಈಗ ಅದೇ ಹನುಮಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದೆ. ಅವಳಿಗೆ ಎಪ್ಪತ್ತಮೂರು ದಾಟಿತ್ತು. ಎಣ್ಣೆ ತಿಕ್ಕಿಸಿಕೊಂಡಳು, ಇನ್ನೊಂದು ಕಾಲನ್ನೂ ಮುಂದಿಟ್ಟಳು, ಕೊನೆಗೆ ಕೆಂಗೇರಿ ಕಡೆಯ ಹೆಣ್ಣು ಎಂಬುದಷ್ಟೇ ನೆನಪು ಎಂದಳು. ಪಟೇಲರ ಮನೆಯಲ್ಲಿ ಜನನ ಮರಣದ ಹಳೆಯ ಪುಸ್ತಕ ಇದೆಯೆಂದು ಅಲ್ಲಿಗೆ ಹೋದೆ. ಅಟ್ಟದಿಂದ ಇಳಿಸಿ ಗಂಟು ಬಿಚ್ಚಿದರೆ ಗೆದ್ದಲು ಊಟ ಮುಗಿಸಿ ಎದ್ದುಹೋಗಿ ಬಹಳ ಕಾಲವಾಗಿತ್ತು. ಉಳಿದವನು ಹೆಳವಯ್ಯ ಒಬ್ಬ.

ಹೆಳವರೆಂದರೆ ನಮ್ಮ ಒಕ್ಕಲು ಮನೆಗಳ ವಂಶಾವಳಿ ಬರೆದಿಟ್ಟುಕೊಂಡಿರುವವರು. ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ, ಕೈಯಲ್ಲಿ ಗಂಟೆ ಹಿಡಿದು, ಎತ್ತಿನ ಮೇಲೆ ಕೂತು ಬರುತ್ತಾರೆ. ಅಂಗಳದಲ್ಲಿ ಕಂಬಳಿ ಹಾಸಿಕೊಂಡು ಮನೆಯ ಏಳು ತಲೆಮಾರು ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಮೊರದ ತುಂಬ ರಾಗಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಮ್ಮ ಮನೆಗೆ ಬರುವವನು ಸಿದ್ದಬಸಪ್ಪ, ಅವನಿಗೆ ಮುಂಚೆ ಅವನ ಅಪ್ಪ. ಮಾಘದಲ್ಲಿ ಅವನು ಬರುವ ಸುದ್ದಿ ತಿಳಿದು ನಾನು ಶಾಲೆಗೆ ರಜೆ ಹಾಕಿ ಹೇರೋಹಳ್ಳಿಗೆ ಬಂದು ಕೂತೆ. ಇಂಥದ್ದಕ್ಕೆಲ್ಲ ರಜೆಯೇ ಎಂದು ನಮ್ಮವರು ನಕ್ಕರು. ನಗಲಿ.

ಸಿದ್ದಬಸಪ್ಪ ಓದತೊಡಗಿದ. ಅಪ್ಪ ಕಂಬಕ್ಕೆ ಒರಗಿ ಕೇಳುತ್ತಿದ್ದ. ಮೂಲಪುರುಷನಿಂದ ಇಳಿದು ಇಳಿದು ದೊಡ್ಡಕೆಂಚಪ್ಪನ ತನಕ ಬಂತು. ದೊಡ್ಡಕೆಂಚಪ್ಪನ ಮಗ ಮರಿಯಪ್ಪ ಎನ್ನುತ್ತಿದ್ದಂತೆ ಅಪ್ಪ ಎದ್ದು, ಎತ್ತಿಗೆ ಹುಲ್ಲು ಹಾಕುವವನ ಹಾಗೆ ಒಳಗೆ ಹೋದ. ನನಗೆ ನೆನಪಿದ್ದಂತೆ ಅವನು ಯಾವಾಗಲೂ ಆ ಜಾಗಕ್ಕೆ ಬಂದಾಗ ಎದ್ದು ಹೋಗುತ್ತಿದ್ದ. ಸಿದ್ದಬಸಪ್ಪ ಅವನು ಹೋದ ಕಡೆ ಒಂದು ಸಲ ನೋಡಿ, ಎರಡು ಹಾಳೆಯನ್ನು ಒಟ್ಟಿಗೆ ಮಗುಚಿ, ಮರಿಯಪ್ಪನ ಹೆಂಡತಿ ನಿಂಗಮ್ಮ ಎಂದು ಮುಂದುವರಿಸಿದ.

ಹದಿನೈದು ವರ್ಷ ಮಕ್ಕಳಿಂದ ಪಾಠ ಓದಿಸಿದವಳು ನಾನು. ಸಾಲು ಹಾರಿಸುವವರ ಬೆರಳು ಹೇಗೆ ಓಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹಾಳೆ ಹಿಂದಕ್ಕೆ ತೆಗೆಯಿರಿ ಎಂದೆ. ಅವನು ಪುಸ್ತಕ ಮುಚ್ಚಿದ.

"ಬಿಟ್ಟು ಓದ್ತೀವಿ ತಾಯಿ, ಬಿಟ್ಟು ಬರೆಯಾಕಿಲ್ಲ" ಎಂದ. "ಆ ಹೆಸರು ಈ ಅಂಗಳದಲ್ಲಿ ಓದಬ್ಯಾಡ ಅಂತ ದೊಡ್ಡಕೆಂಚಪ್ಪನೋರು ನಮ್ಮಪ್ಪಂಗೆ ಆಣೆ ಹಾಕ್ಸಿದ್ರು. ಈಗಿನ ಯಜಮಾನ್ರು ಓದು ಅಂತ ಒಂದು ಮಾತಂದ್ರೆ ಓದ್ತೀನಿ. ಅವ್ರು ಎದ್ದೇ ಹೋಗ್ತಾರಲ್ಲ."

ನಾನು ಕೊಟ್ಟಿಗೆಗೆ ಓಡಿದೆ. ಅಪ್ಪ ಹುಲ್ಲಿನ ಮೆದೆಗೆ ಕೈಕೊಟ್ಟು ನಿಂತಿದ್ದ. ಅಲ್ಲಿ ಹೆಸರಿದೆ, ನೀನು ಒಂದು ಮಾತು ಹೇಳಬೇಕಂತೆ ಎಂದೆ. ಅಪ್ಪ ನಂಬಲಿಲ್ಲ. ಹೆಳವರ ಪುಸ್ತಕದಲ್ಲೇ ಅವಳಿಲ್ಲ, ಹೊಡೆದುಹಾಕಿದ್ದಾರೆ ಎಂದು ಅವನು ಚಿಕ್ಕಂದಿನಿಂದ ತಿಳಿದಿದ್ದ. ತಾತನ ಹೆಸರಾದ ಮೇಲೆ ಅವ್ವನ ಹೆಸರು ಬಾರದೆ ಚಿಕ್ಕವ್ವನ ಹೆಸರು ಬರುವುದನ್ನು ಕೇಳಲಾರದೆ ಅವನು ಏಳುತ್ತಿದ್ದ. ಅವನು ಏಳುವುದನ್ನು ನೋಡಿ, ಯಜಮಾನರಿಗೆ ಆ ಹೆಸರು ಬೇಡವೆಂದು ಹೆಳವರು ತಿಳಿದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಮರ್ಯಾದಸ್ಥರು! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಪ್ಪ ಬಾಗಿಲ ತನಕ ಬಂದು ನಿಂತ. "ಸಿದ್ದಬಸಪ್ಪ, ನಮ್ಮ ಲಕ್ಷ್ಮಿಗೆ ಓದು" ಎಂದು, ಕೇಳಲು ಧೈರ್ಯ ಸಾಲದೆ ಹಿತ್ತಿಲ ಕಡೆ ಹೋದ.

ಸಿದ್ದಬಸಪ್ಪ ದನಿ ತಗ್ಗಿಸಿ ಓದಿದ. ಮರಿಯಪ್ಪನ ಹೆಂಡತಿ ಪಟಾಲಮ್ಮ, ಕೆಂಗೇರಿ ಹೆಣ್ಣು. ಮಗ ಕೆಂಚಪ್ಪ. ವಿಳಂಬಿ ಸಂವತ್ಸರದಲ್ಲಿ ಹೆಣ್ಣು ಕೂಸು ಪ್ಲೇಗಿನಲ್ಲಿ ತೀರಿತು. ತಾಯಿಗೆ ಬುದ್ಧಿ ಸ್ವಾಧೀನ ತಪ್ಪಿತು. ಮಗನನ್ನು ಕಟ್ಟಿಕೊಂಡು ಬಾವಿಗೆ ಬಿದ್ದಳು. ಇಬ್ಬರೂ ಉಳಿದರು. ತವರಿಗೆ ಬಿಟ್ಟು ಬಂದರು.

ಓಡಿಹೋಗಿರಲಿಲ್ಲ. ಆದರೆ ಅದಕ್ಕಿಂತ ಇದೇನು ಮೇಲು ಎಂದು ನನಗೆ ತಿಳಿಯಲಿಲ್ಲ. ಅಪ್ಪನನ್ನು ಕೊಲ್ಲಲು ಹೋದ ಹೆಂಗಸಿನ ಹೆಸರು ಅಪ್ಪನಿಗೆ ಬೇಕಾಗಿತ್ತು.

ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು ನಾನೇ ಮುಂದೆ ನೋಡಿದೆ. ಬೇರೆಯವರ ವಿಷಯ ಹುಟ್ಟು, ಮದುವೆ, ಸಾವು, ಅಷ್ಟೇ. ಅಪ್ಪನ ಹೆಸರಿನ ಕೆಳಗೆ ಮಾತ್ರ ಮೂರು ವರ್ಷಕ್ಕೊಂದರಂತೆ ಏನೇನೋ. ಹತ್ತು ವರ್ಷ, ಸೊಪ್ಪು ತಿನ್ನಲು ಒಲ್ಲ. ಹದಿಮೂರು, ಎತ್ತು ತಿವಿದು ತೊಡೆಗೆ ಗಾಯ, ವಾಸಿಯಾಗಿದೆ. ಹತ್ತೊಂಬತ್ತು, ಬಾಗಿಲಲ್ಲಿ ಬಗ್ಗಿ ಬರುವಷ್ಟು ಉದ್ದ. ಸೊಪ್ಪು ತಿನ್ನದಿರುವುದನ್ನು ಯಾವ ವಂಶಾವಳಿಯಲ್ಲಿ ಬರೆಯುತ್ತಾರೆ? ಕೊನೆಗೆ ಮೂವತ್ತನೇ ಇಸವಿಯದು: ಮೊಮ್ಮಗಳು ವೆಂಕಟಲಕ್ಷ್ಮಿ, ಒಂಬತ್ತು ವರ್ಷ, ಶಾಲೆಗೆ ಹೋಗುತ್ತಾಳೆ, ಹೆಸರು ತಾನೇ ಬರೆದಳು. ಅದರ ಕೆಳಗೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ನನ್ನ ಹೆಸರು. ಯಾರೋ ಗಡ್ಡದ ಅಜ್ಜ ಕೈಗೆ ಪೆನ್ಸಿಲು ಕೊಟ್ಟು ಬರೆಯಿಸಿದ್ದು ನನಗೆ ಮಂಜು ಮಂಜಾಗಿ ನೆನಪಾಯಿತು. ಅಪ್ಪನ ಹೆಸರಿನ ಕೆಳಗೆ ನಾನು ಮಗಳಾಗಬೇಕು. ಇಲ್ಲಿ ಯಾರ ಮೊಮ್ಮಗಳು?

ಸಿದ್ದಬಸಪ್ಪ ಪುಸ್ತಕವನ್ನು ಗಂಟು ಕಟ್ಟಿದ. ಅದನ್ನು ಹೇಳಬೇಕಾದ ಮನೆ ಬೇರೆ, ಭಾನುವಾರ ಕೆಂಗೇರಿಗೆ ಬನ್ನಿ ಎಂದ.

ಅವನು ಹೋದ ಮೇಲೆ ಅಪ್ಪ ಬಂದು ಹೆಸರು ಸಿಕ್ಕಿತೇ ಎಂದು ಕೇಳಿದ. ಪಟಾಲಮ್ಮ ಎಂದೆ. ಅವನು ಅದನ್ನು ದನಿಯಿಲ್ಲದೆ ತುಟಿಯಲ್ಲಿ ಹೇಳಿಕೊಂಡ, ಮತ್ತೆ ಹೇಳಿಕೊಂಡ. ನಾನು ಬಾಯಿ ತೆರೆಯುವುದರೊಳಗೆ ಕೈ ಅಡ್ಡ ಹಿಡಿದ.

"ಮಿಕ್ಕಿದ್ದು ಪೂರ್ತಿ ತಿಳ್ಕೊಂಡು ಬಾ. ಅರ್ಧಂಬರ್ಧ ಹೇಳ್ಬೇಡ."

ಭಾನುವಾರ ಸಿಟಿ ಸ್ಟೇಷನ್ನಿಗೆ ಹೋಗಿ ಮೈಸೂರಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಬಾವಿಯದೇ ಯೋಚನೆ. ಅಪ್ಪನಿಗೆ ಇದನ್ನು ಹೇಳಬೇಕೇ ಬೇಡವೇ? ಹೇಳದಿದ್ದರೆ ಅವಳು ಬಿಟ್ಟುಹೋದಳೆಂಬ ಕೊರಗು ಹಾಗೇ ಉಳಿಯುತ್ತದೆ. ಹೇಳಿದರೆ ಕೊರಗುವುದಕ್ಕೂ ಏನೂ ಉಳಿಯುವುದಿಲ್ಲ. ಕೆಂಗೇರಿಯಲ್ಲಿ ಇಳಿದಾಗಲೂ ನನಗೆ ದಾರಿ ತೋಚಿರಲಿಲ್ಲ.

ಸಿದ್ದಬಸಪ್ಪ ಕರೆದುಕೊಂಡು ಹೋದ ಮನೆ ಸಂತೆ ಮೈದಾನದ ಬೆನ್ನಿಗೇ ಇತ್ತು. ಅಲ್ಲಿಗೆ ಬಂದಾಗಲೇ ನನ್ನ ಕಾಲು ನಿಂತಿತು. ಅಪ್ಪ ನಲವತ್ತು ವರ್ಷ ಪ್ರತಿ ವಾರ ಕೆಂಗೇರಿ ಸಂತೆಗೆ ಗಾಡಿ ಹೊಡೆದವನು. ಗಾಡಿ ಬಿಡುತ್ತಿದ್ದ ಹುಣಸೇಮರ ಆ ಮನೆಯ ಜಗಲಿಯಿಂದ ಐವತ್ತು ಹೆಜ್ಜೆಯೂ ಇರಲಿಲ್ಲ. ನಾನೂ ಚಿಕ್ಕವಳಿದ್ದಾಗ ಆ ಮರದ ಕೆಳಗೆ ಕೂತು ಕಡಲೆಪುರಿ ತಿಂದಿದ್ದೆ.

ಮನೆಯಲ್ಲಿ ಚಿಕ್ಕಗಂಗಮ್ಮ ಎಂಬ ಮುದುಕಿ ಇದ್ದಳು. ಪಟಾಲಮ್ಮನ ಅಣ್ಣನ ಸೊಸೆ. ಮದುವೆಯಾಗಿ ಬಂದ ದಿನದಿಂದ ಪಟಾಲಮ್ಮ ಸಾಯುವ ತನಕ ಹದಿನೈದು ವರ್ಷ ಒಟ್ಟಿಗೆ ಬಾಳಿದವಳು. ನಾನು ಯಾರೆಂದು ಸಿದ್ದಬಸಪ್ಪ ಹೇಳಿದ್ದೇ ತಡ, ಅವಳು ನನ್ನ ಬಲಗೈ ಹಿಡಿದು ಬೆರಳುಗಳನ್ನೇ ನೋಡುತ್ತ ಕೂತಳು. ಹೆಸರು ಬರೆದ ಕೈ ಇದೇನಾ ಎಂದು ಕೇಳಿದಳು.

ಸಿದ್ದಬಸಪ್ಪ ಕೆಂಗೇರಿಯ ಪುಸ್ತಕ ತೆಗೆದ. ಪಟಾಲಮ್ಮ ವಿಳಂಬಿ ಸಂವತ್ಸರದ ಮಾಘದಲ್ಲಿ ತವರಿಗೆ ಬಂದಳು. ಇನ್ನೊಬ್ಬನೊಡನೆ ಕೂಡಿಕೆ ಮದುವೆಗೆ ಒಪ್ಪಲಿಲ್ಲ. ಪ್ರಮೋದೂತ ಸಂವತ್ಸರದ ಮಾಘದಲ್ಲಿ ತೀರಿದಳು. ಬಂದದ್ದೂ ಮಾಘ, ಹೋದದ್ದೂ ಮಾಘ, ನಡುವೆ ಮೂವತ್ತೆರಡು ವರ್ಷ. ಸತ್ತದ್ದು ಮೂವತ್ತೊಂದರಲ್ಲಿ. ಅಪ್ಪನಿಗೆ ಆಗ ಮೂವತ್ತೆಂಟು, ನನಗೆ ಹತ್ತು.

ಆ ಮೂವತ್ತೆರಡು ವರ್ಷದ ಕತೆಯನ್ನು ಇಬ್ಬರೂ ಸೇರಿ ಹೇಳಿದರು. ತವರಿಗೆ ಬಂದ ಎರಡು ವರ್ಷದಲ್ಲಿ ಅವಳ ಬುದ್ಧಿ ತಿಳಿಯಾಯಿತು. ತಿಳಿಯಾದ ಮೇಲೆ ತಾನು ಮಾಡಿದ್ದು ನೆನಪಾಯಿತು. ಮಗುವಿನ ನೆರಳೂ ತುಳಿಯುವುದಿಲ್ಲ ಎಂದು ಮಾವ ದೊಡ್ಡಕೆಂಚಪ್ಪನಿಗೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗಿಂತ ಅವಳಿಗೆ ತನ್ನ ಮೇಲೆಯೇ ಭಯ ಹೆಚ್ಚಾಗಿತ್ತು. ಸಂತೆಯ ದಿನ ಬೆಳಗಿನಿಂದ ಸಂಜೆಯ ತನಕ ಒಳಮನೆ ಸೇರಿ ಹೊರಗೆ ತಲೆ ಹಾಕುತ್ತಿರಲಿಲ್ಲ. ಆದರೆ ಮೂರು ವರ್ಷಕ್ಕೊಮ್ಮೆ ಹೆಳವಯ್ಯ ಹೇರೋಹಳ್ಳಿ ಮುಗಿಸಿಕೊಂಡು ಕೆಂಗೇರಿಗೆ ಬರುತ್ತಿದ್ದ. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಹೊರುವುದು ಅವರಲ್ಲಿ ಕೂಡದು. ಆದರೆ ಹೆಣ್ಣುಮಗಳ ಮಕ್ಕಳು ಮೊಮ್ಮಕ್ಕಳ ಸಾಲನ್ನು ತವರಿನಲ್ಲಿ ಓದಬಹುದು, ಅದೂ ಬರೆದಿದ್ದರೆ ಮಾತ್ರ. ಅದಕ್ಕೆ ಸಿದ್ದಬಸಪ್ಪನ ಅಪ್ಪ ಬರೆದ. ಸೊಪ್ಪು, ಗಾಯ, ಎತ್ತರ, ನನ್ನ ಶಾಲೆ, ಎಲ್ಲವನ್ನೂ ಅವಳಿಗಾಗಿ ಬರೆದ. ಅವಳು ಬಾಗಿಲ ಹಿಂದೆ ಕೂತು ಕೇಳುತ್ತಿದ್ದಳು. ಮುಗಿದ ಮೇಲೆ ಇನ್ನೊಂದು ಸಲ ಓದಪ್ಪ ಎನ್ನುತ್ತಿದ್ದಳಂತೆ.

ಹೇಗೆ ಹೇಳಲಿ ಎಂದು ನನಗೆ ತಿಳಿಯದು. ನನ್ನ ಸೊಟ್ಟ ಅಕ್ಷರಕ್ಕೆ ಯಾರೋ ಕಾದಿದ್ದರು. ಆ ಹಾಳೆಯನ್ನು ಓದಲು ಬಾರದ ಅಜ್ಜಿ ಅದರ ಮೇಲೆ ಕೈ ಸವರಿ ಸವರಿ, ಹೆಳವಯ್ಯ ಪುಸ್ತಕ ಕೇಳಿದರೂ ಕೊಡಲಿಲ್ಲವಂತೆ. ನನಗೆ ಅವಳು ಬೇಕೆನಿಸಿತು. ಸತ್ತು ಇಪ್ಪತ್ತಾರು ವರ್ಷವಾದ ಮೇಲೆ, ಒಮ್ಮೆಯೂ ಕಾಣದ ಹೆಂಗಸಿನ ಮಡಿಲಿಗೆ ನಾನು ಹಂಬಲಿಸಿದೆ.

ಆಮೇಲೆ ಚಿಕ್ಕಗಂಗಮ್ಮ ಒಂದು ಮಾತು ಹೇಳಿದಳು. ಅದನ್ನು ಹೇಳದಿದ್ದರೆ ಚೆನ್ನಾಗಿತ್ತು.

ತಾತ ಮರಿಯಪ್ಪ ತೀರಿಕೊಂಡು ಅಪ್ಪ ಯಜಮಾನನಾದದ್ದು ಇಪ್ಪತ್ತೈದನೇ ಇಸವಿಯಲ್ಲಿ. ಆ ಸುದ್ದಿ ತಿಳಿದು ಪಟಾಲಮ್ಮ ಹೆಳವಯ್ಯನ ಹಾದಿ ಕಾಯತೊಡಗಿದಳಂತೆ. ಇನ್ನು ಆಣೆಯ ಕಟ್ಟಿಲ್ಲ, ಮಗ ಒಂದು ಮಾತು ಓದು ಎಂದರೆ ಸಾಕು, ತನ್ನ ಹೆಸರು ಆ ಅಂಗಳದಲ್ಲಿ ಬರುತ್ತದೆ. ಬಂದರೆ ಅವನೇ ಬರುತ್ತಾನೆ. ಆ ಜಾಗಕ್ಕೆ ಬಂದಾಗ ನಿಧಾನವಾಗಿ ಓದು ಎಂದು ಹೆಳವಯ್ಯನಿಗೆ ಮೊದಲೇ ಹೇಳಿ ಕಳಿಸಿದ್ದಳು. ಇಪ್ಪತ್ತೇಳರ ಮಾಘದಲ್ಲಿ ಅವನು ಹೇರೋಹಳ್ಳಿಯಿಂದ ಬರುವ ದಿನ ಜಗಲಿಯನ್ನು ಮೂರು ಸಲ ಸಾರಿಸಿದಳು.

"ಹೆಳವಯ್ಯನ್ನ ಎತ್ತಿಂದ ಇಳಿಯೋಕೂ ಬಿಡ್ಲಿಲ್ಲ ಕಣವ್ವಾ. ಕೇಳಿದ್ನಾ ಅಂದ್ರು" ಎಂದಳು ಚಿಕ್ಕಗಂಗಮ್ಮ. "ಇಲ್ಲ ತಾಯಿ, ನಿನ್ನ ಜಾಗ ಬಂದಾಗ ಎದ್ದು ಒಳೀಕೆ ಹೋದ ಅಂದ ಹೆಳವಯ್ಯ. ಹೋಗ್ಲಿ ಬಿಡಪ್ಪ, ಅವ್ನು ಎದ್ದು ಹೋಗಿದ್ದು ಸರಿಯಾಗೇ ಐತೆ ಅಂದ್ರು. ಮೂವತ್ತರಲ್ಲೂ ಹಂಗೇ ಆಯ್ತು. ಆಮೇಲೆ ಒಂದೇ ವರ್ಷ ಇದ್ದಿದ್ದು."

ನಾನು ಸಿದ್ದಬಸಪ್ಪನ ಮುಖ ನೋಡಿದೆ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಅವನ ಅಪ್ಪ ಕಂಡದ್ದನ್ನು ಕಂಡಂತೆ ಹೇಳಿದ್ದ.

ಸಂಜೆ ಹೇರೋಹಳ್ಳಿಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಮುನಿರಾಜು ಹೊಲದಿಂದ ಇನ್ನೂ ಬಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಪೂರ್ತಿ ಹೇಳು ಎಂದಿದ್ದೆಯಲ್ಲ ಎಂದು, ಓಡಿಹೋಗಿರಲಿಲ್ಲ ಎಂಬಲ್ಲಿಂದ ಶುರು ಮಾಡಿದೆ. ಕೂಸು ಸತ್ತದ್ದು ಹೇಳಿದೆ. ಬಾವಿಯ ಮಾತು ಬಂದಾಗ ಹಾರಿಸಿಬಿಡೋಣ ಎನಿಸಿತು. ಆದರೆ ಈ ಮನೆಯಲ್ಲಿ ಹಾರಿಸಿ ಓದಿದ್ದು ಸಾಕಾಗಿತ್ತು. ನಿನ್ನನ್ನು ಕಟ್ಟಿಕೊಂಡು ಬಾವಿಗೆ ಬಿದ್ದಳಂತೆ ಎಂದು ಹೇಳಿಬಿಟ್ಟೆ.

ಅಪ್ಪ ಎದುರಿನ ಬೇಲಿಯ ಕಡೆ ತಿರುಗಿದ.

"ಅದು ಬಾವಿನಾ?" ಎಂದ. "ನಾನು ಅದನ್ನ ಸ್ನಾನ ಅಂದ್ಕೊಂಡಿದ್ದೆ ಕಣೇ."

ಅವನಿಗೆ ತಾಯಿಯದು ಒಂದೇ ಒಂದು ನೆನಪಿತ್ತಂತೆ. ಯಾರಿಗೂ ಹೇಳಿರಲಿಲ್ಲ, ನಮ್ಮಮ್ಮನಿಗೂ. ಸುತ್ತ ಹಸಿರು ನೀರು, ಚಳಿ. ಅವ್ವ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾಳೆ. ಅವಳ ಕೂದಲು ಮುಖಕ್ಕೆಲ್ಲ ಅಂಟಿಕೊಂಡಿದೆ. ಒಂದು ಕೈಯಲ್ಲಿ ಕಲ್ಲು ಹಿಡಿದಿದ್ದಾಳೆ, ಇನ್ನೊಂದು ಕೈ ಅವನ ಕಾಲನ್ನು ನೋಯುವ ಹಾಗೆ ಹಿಡಿದಿದೆ. ಹಬ್ಬದ ದಿನ ಕೆರೆಯಲ್ಲಿ ಮೀಯಿಸಿದ್ದೆಂದು ಅವನು ಅಷ್ಟು ವರ್ಷ ಅದನ್ನು ಜೋಪಾನ ಮಾಡಿಕೊಂಡಿದ್ದ.

"ಅವ್ಳು ಮುಳುಗ್ತಿದ್ಲು, ಏಳ್ತಿದ್ಲು" ಎಂದ ಅಪ್ಪ. "ನನ್ನ ತಲೆ ಒದ್ದೆಯಾಗ್ಲಿಲ್ಲ ಲಕ್ಷ್ಮಿ. ಮೇಲಕ್ಕೆ ಎತ್ತಿ ಹಿಡ್ಕೊಂಡೇ ಇದ್ಲು."

ಪುಸ್ತಕದಲ್ಲಿ ಇಬ್ಬರೂ ಉಳಿದರು ಎಂದಷ್ಟೇ ಇತ್ತು. ಹೇಗೆ ಉಳಿದರು ಎಂಬುದನ್ನು ಬಲ್ಲವನು ಅಪ್ಪ ಒಬ್ಬನೇ. ಬೀಳುವಾಗ ಅವಳ ಬುದ್ಧಿ ಎಲ್ಲಿತ್ತೋ ನಾನರಿಯೆ. ಬಿದ್ದ ಮೇಲೆ ಜನ ಬರುವ ತನಕ ಅವಳು ತಾಯಿಯಾಗಿಯೇ ಇದ್ದಳು. ಅಪ್ಪ ಅತ್ತ. ನಾನು ಅವನು ಅತ್ತದ್ದನ್ನು ಅಮ್ಮ ಸತ್ತಾಗಲೂ ನೋಡಿರಲಿಲ್ಲ.

ಕೆಂಗೇರಿಯ ವಿಷಯ ಹೇಳಿದೆ. ಹುಣಸೇಮರದ ಎದುರಿನ ಮನೆ ಎಂದಾಗ ಕಣ್ಣು ಮುಚ್ಚಿಕೊಂಡ. ಸೊಪ್ಪಿನ ಮಾತಿಗೆ ಅಳುತ್ತಲೇ ನಕ್ಕ. ಬಾಗಿಲ ಹಿಂದೆ ಕೂತು ಕೇಳುತ್ತಿದ್ದದ್ದು, ಇನ್ನೊಂದು ಸಲ ಓದಿಸಿದ್ದು, ಎಲ್ಲ ಹೇಳಿದೆ. ಯಜಮಾನನಾದ ವರ್ಷದ ಮಾತನ್ನು ಮಾತ್ರ ಗಂಟಲಲ್ಲೇ ಇಟ್ಟುಕೊಂಡೆ. ಪೂರ್ತಿ ಹೇಳುವ ನನ್ನ ಶೌರ್ಯ ಅಷ್ಟಕ್ಕೇ ಮುಗಿಯಿತು.

ಅಪ್ಪ ಮುಖ ಒರೆಸಿಕೊಂಡು ಕೇಳಿದ. "ನಾನು ಎದ್ದು ಹೋಗ್ತಿದ್ನಲ್ಲ. ಅದನ್ನ ಹೆಳವಯ್ಯ ಅವ್ಳಿಗೆ ಹೇಳಿರ್ಲಿಲ್ಲ ತಾನೆ?"

"ಇಲ್ಲಪ್ಪ" ಎಂದೆ.

ದಿನಾ ಬೆಳಗ್ಗೆ ಮಕ್ಕಳನ್ನು ನಿಲ್ಲಿಸಿ ಸುಳ್ಳು ಹೇಳಬಾರದು ಎಂದು ಹೇಳಿಸುವ ಬಾಯಿ ಅದು. ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ, ಆಯಿತು ಎನ್ನುವಂತೆ ತಲೆಯಾಡಿಸಿದ.

ಮಹಾಲಯಕ್ಕೆ ಇನ್ನೂ ಏಳು ತಿಂಗಳಿತ್ತು. ಅಪ್ಪ ಕಾಯಲಿಲ್ಲ. ಶಿವರಾತ್ರಿಯ ಮಾರನೆಯ ದಿನ ಅಮಾವಾಸ್ಯೆ, ಅವತ್ತೇ ಎಡೆ ಇಡುತ್ತೇನೆ ಎಂದ. ಅಕಾಲದಲ್ಲಿ ಎಡೆಯೇ ಎಂದು ಮುನಿರಾಜು ಗೊಣಗಿದ. ಅವಳು ಕಾದದ್ದಕ್ಕಿಂತ ಇದೇನು ಅಕಾಲ ಎಂದು ಅಪ್ಪ ಬಾಯಿ ಮುಚ್ಚಿಸಿದ. ನಾನು ಚಿಕ್ಕಪೇಟೆಯಿಂದ ಸೀರೆ ತಂದೆ. ಶಿವಗಂಗಮ್ಮ ಹುರುಳಿಕಾಳಿನ ಬಸ್ಸಾರು, ಪಾಯಸ ಮಾಡಿದಳು. ನಡುಮನೆಯಲ್ಲಿ ಒಂದೇ ಒಂದು ಎಲೆ. ಅಪ್ಪ ತಾನೇ ಬಡಿಸಿ, ಸೀರೆ ಇಟ್ಟು, ಕೈಮುಗಿದ.

"ಅವ್ವಾ, ಪಟಾಲಮ್ಮ, ಬಾ" ಎಂದು ಕರೆದ.

ನಾವೆಲ್ಲ ಹೊರಗೆ ಬಂದೆವು. ಅಪ್ಪ ಬರಲಿಲ್ಲ. ಒಳಗಿನಿಂದ ಬಾಗಿಲು ಹಾಕಿಕೊಂಡ. ಬದುಕಿದ್ದವರು ಒಳಗೆ ಕೂತರೆ ಹಿರಿಯರು ಎಲೆ ಮುಟ್ಟುವುದಿಲ್ಲ ಎಂದು ಶಿವಗಂಗಮ್ಮ ಚಡಪಡಿಸಿದಳು. ನಾನು ಹೊಸ್ತಿಲ ಪಕ್ಕದಲ್ಲಿ ಬಾಗಿಲಿಗೆ ಕಿವಿ ಕೊಟ್ಟು ಕೂತೆ.

"ನಾನು ಎದ್ದು ಹೋಗ್ತಿದ್ದುದು ನೀನು ಬ್ಯಾಡ ಅಂತಲ್ಲ ಕಣವ್ವಾ" ಎನ್ನುತ್ತಿತ್ತು ಅಪ್ಪನ ದನಿ. "ನಿನ್ನ ಹೆಸರು ಬರ್ತಿರ್ಲಿಲ್ಲ, ಅದಕ್ಕೆ."

ನನ್ನ ಸುಳ್ಳನ್ನು ಅವನು ಜಗಲಿಯ ಮೇಲೆಯೇ ಹಿಡಿದಿದ್ದ. ಒಳಗೆ ಸ್ವಲ್ಪ ಹೊತ್ತು ಉಬ್ಬಸದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು, ನಿನಗೆ ಮೂವತ್ತರ ತನಕ ಗೊತ್ತಿದೆ, ಅಲ್ಲಿಂದ ಹೇಳುತ್ತೇನೆ ಕೇಳು ಎಂದು ಶುರು ಮಾಡಿದ. ಮೂವತ್ತೊಂದರಲ್ಲಿ ರಾಗಿ ಚೆನ್ನಾಗಿ ಬಂತು. ಮೂವತ್ತಮೂರರಲ್ಲಿ ಮುನಿರಾಜುವಿಗೆ ವಿಷಮಜ್ವರ ಬಂದು ಇಪ್ಪತ್ತು ದಿನ ಮಲಗಿದ, ಉಳಿದ. ಮೂವತ್ತೆಂಟರಲ್ಲಿ ಲಕ್ಷ್ಮಿ ಟ್ರೈನಿಂಗಿಗೆ ಸೇರಿದಳು, ಊರೆಲ್ಲ ನಕ್ಕಿತು, ನಾನು ಸೇರಿಸಿದೆ. ವರ್ಷ ವರ್ಷವೂ ಬಿಡದೆ, ಯಾವ ಎಮ್ಮೆ ಈಯಿತು, ಯಾವ ವರ್ಷ ಕೆರೆ ಕೋಡಿ ಬಿತ್ತು, ತಾನು ಈಗ ಸೊಪ್ಪು ತಿನ್ನುತ್ತೇನೆ ಎನ್ನುವುದನ್ನೂ ಬಿಡದೆ ಹೇಳಿದ. ನಲವತ್ತೆರಡಕ್ಕೆ ಬಂದ. ಅದು ನಮ್ಮಮ್ಮ ಹೋದ ವರ್ಷ. ಅಲ್ಲಿ ಅವನ ದನಿ ನಿಂತಿತು.

ಮಕ್ಕಳು ಹಸಿದು ಶಿವಗಂಗಮ್ಮನ ಸೆರಗು ಜಗ್ಗುತ್ತಿದ್ದವು. ಎಡೆಯ ಬಾಗಿಲು ತೆರೆಯುವ ತನಕ ನಮ್ಮಲ್ಲಿ ಯಾರೂ ಉಣ್ಣುವಂತಿಲ್ಲ. ಬಾಗಿಲು ತಟ್ಟಲೇ ಅಕ್ಕ ಎಂದು ಅವಳು ಕೇಳಿದಳು. ಅಷ್ಟರಲ್ಲಿ ಒಳಗೆ ದನಿ ಮತ್ತೆ ಎದ್ದಿತು.

"ಬ್ಯಾಡ. ಇನ್ನೂ ಹದಿನೈದು ವರ್ಷ ಬಾಕಿ ಐತೆ" ಎಂದೆ. "ನೀನು ಮಕ್ಕಳಿಗೆ ಬಡಿಸು."